ಮಂಗೋಲಿಯದ ಹುಲ್ಲುಬಯಲಿಗೆ ಹೊರಡುವ ಮುನ್ನ

ನಾವು ಮಂಗೋಲಿಯ ದೇಶಕ್ಕೆ ಹೋಗಿಬಂದ ಸುದ್ದಿ ತಿಳಿದಂದಿನಿಂದ ಸದಸ್ಯ ಬಾಂಧವರು ಹಲವರು ದಾರಿ ಹೇಗೆ, ವಾಹನ ಯಾವುದು, ಊಟಕ್ಕೇನು, ನೋಡತಕ್ಕದ್ದೇನು ಎಂದು ಕೇಳುತ್ತಲೇ ಇದ್ದಾರೆ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳುವುದಕ್ಕಿಂತ ಎಲ್ಲರಿಗೂ ಉಪಯೋಗವಾಗುವಂತೆ ಇಲ್ಲಿಯೇ ಬರೆಯುವುದು ಲೇಸೆಂದು ತೋರಿತು. ಕಂಡ ಸೊಬಗಿನ ಜೊತೆಗೆ ನಾವು ಮಾಡಿದ ತಪ್ಪನ್ನೂ ಮುಚ್ಚಿಡದೆ ಬರೆಯುತ್ತಿದ್ದೇವೆ. ಆ ತಪ್ಪಿನಿಂದಲೇ ಓದುಗರಿಗೆ ಹೆಚ್ಚು ಪ್ರಯೋಜನವಾದೀತು.

ಅಷ್ಟು ದೂರದ ದೇಶದ ಗೊಡವೆ ನಮಗೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಾಫಿ ಬೆಳೆಗಾರರಿಗೆ ಬೈಲಕುಪ್ಪೆ ಹೊಸದಲ್ಲ. ಅಡಿಕೆ ಬೆಳೆಗಾರರಿಗೆ ಮುಂಡಗೋಡು ದೂರವಲ್ಲ. ಮುಂಡಗೋಡಿನ ಟಿಬೆಟನ್ ಮಠಗಳಲ್ಲಿ ಮಂಗೋಲಿಯದ ಭಿಕ್ಷುಗಳೂ ಬಂದು ಶಾಸ್ತ್ರ ಓದುತ್ತಾರೆ. ನಮ್ಮ ತಂಡದಲ್ಲಿ ಆರು ಮಂದಿ. ಮೂವರು ಕಾಫಿಯವರು, ಮೂವರು ಅಡಿಕೆಯವರು. ಎಲ್ಲರಿಗಿಂತ ಹಿರಿಯರಾದ ಅಡಿಕೆ ಬೆಳೆಗಾರರಿಗೆ ಅಂಥ ಭಿಕ್ಷುವೊಬ್ಬರ ಪರಿಚಯವಿತ್ತು. ಅವರು ವರ್ಷಗಳ ಹಿಂದೆ ತಮ್ಮ ದೇಶದ ಅಮರ್‌ಬಾಯಸ್ಗಲಂತ್ ವಿಹಾರದ ಚಿತ್ರವನ್ನು ತೋರಿಸಿದ್ದರಂತೆ. ಅದನ್ನೊಮ್ಮೆ ಕಣ್ಣಾರೆ ಕಾಣಬೇಕೆಂಬುದೇ ಆ ಹಿರಿಯರ ಆಸೆ. ನಾವು ಉಳಿದ ಐವರು ಹೊರಟದ್ದು ಅವರ ಆಸೆಯ ಬೆನ್ನು ಹಿಡಿದು.

ದೇಶದ ಅಳತೆ

ಮಂಗೋಲಿಯದ ವಿಸ್ತೀರ್ಣ ಸುಮಾರು 15.64 ಲಕ್ಷ ಚದರ ಕಿಲೋಮೀಟರು. ನಮ್ಮ ಕರ್ನಾಟಕದಂಥ ಎಂಟು ರಾಜ್ಯಗಳನ್ನು ಅಲ್ಲಿ ಇಡಬಹುದು. ಜನಸಂಖ್ಯೆ ಮಾತ್ರ 35 ಲಕ್ಷದ ಆಸುಪಾಸು. ಅದರಲ್ಲಿಯೂ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ರಾಜಧಾನಿ ಉಲಾನ್‌ಬಾತರಿನಲ್ಲಿಯೇ ಇದ್ದಾರೆ. ಉಳಿದದ್ದೆಲ್ಲ ಬಯಲು, ಬೋಳು ಗುಡ್ಡ, ಹುಲ್ಲುಗಾವಲು, ದಕ್ಷಿಣಕ್ಕೆ ಗೋಬಿ ಮರುಭೂಮಿ. ಬೇಲಿಯೆಂಬುದು ಕಣ್ಣಿಗೆ ಬೀಳುವುದೇ ಅಪರೂಪ. ಅಂಗುಲ ಅಂಗುಲ ಅಳೆದು ಗಡಿಕಲ್ಲು ನೆಡುವ ನಮಗೆ ಇದೊಂದು ಬೆರಗು.

ಬೆಂಗಳೂರಿನಿಂದ ನೇರ ವಿಮಾನವಿಲ್ಲ. ಇಸ್ತಾಂಬುಲ್, ಸಿಯೋಲ್, ಬೀಜಿಂಗ್ ಮೊದಲಾದ ಕಡೆ ವಿಮಾನ ಬದಲಿಸಿ ಹೋಗಬೇಕು. ಮಂಗೋಲಿಯದ ವೀಸಾ ಮಾತ್ರವಲ್ಲದೆ, ಬದಲಿಸುವ ಊರಿನ ವೀಸಾ ನಿಯಮವನ್ನೂ ಟಿಕೆಟು ಕೊಳ್ಳುವ ಮೊದಲೇ ವಿಚಾರಿಸುವುದು ಒಳ್ಳೆಯದು. 2021ರಲ್ಲಿ ಆರಂಭವಾದ ಹೊಸ ವಿಮಾನನಿಲ್ದಾಣ ನಗರದಿಂದ ಸುಮಾರು 50 ಕಿಲೋಮೀಟರು ದೂರದಲ್ಲಿದೆ. ಅಲ್ಲಿಂದ ಪೇಟೆಗೆ ವಾಹನವನ್ನು ಮುಂಚಿತವಾಗಿ ಗೊತ್ತುಮಾಡಿಕೊಂಡರೆ ಅನುಕೂಲ.

ವಾಹನ ಸೌಕರ್ಯ

ಗಾಡಿಚಕ್ರದ ಗುಂಬದಿಂದ ಅರೆಗಳು ಹೊರಟಂತೆ ಆ ದೇಶದ ಮುಖ್ಯ ರಸ್ತೆಗಳು ಉಲಾನ್‌ಬಾತರಿನಿಂದ ಹೊರಡುತ್ತವೆ. ಐಮಗ್ ಎಂದು ಕರೆಯುವ 21 ಪ್ರಾಂತಗಳ ಕೇಂದ್ರಗಳಿಗೆ ರಾಜಧಾನಿಯಿಂದ ಬಸ್ಸು ಸಿಗುತ್ತದೆ. ಆದರೆ ಒಂದು ಪ್ರಾಂತದಿಂದ ಪಕ್ಕದ ಪ್ರಾಂತಕ್ಕೆ ಅಡ್ಡಹಾಯುವುದು ಕಷ್ಟ. ಜನ ತುಂಬಿದ ಮೇಲೆಯೇ ಹೊರಡುವ ವ್ಯಾನುಗಳೂ ಇವೆ. ನಮ್ಮ ಕಡೆಯ ಟೆಂಪೋ ಬಲ್ಲವರಿಗೆ ಅದರ ಪದ್ಧತಿಯನ್ನು ವಿವರಿಸಬೇಕಾಗಿಲ್ಲ.

ಮುಖ್ಯ ರೈಲುಮಾರ್ಗ ಒಂದೇ. ಉತ್ತರದಲ್ಲಿ ರಷ್ಯದ ಗಡಿಯಿಂದ ದಕ್ಷಿಣದಲ್ಲಿ ಚೀನದ ಗಡಿಯವರೆಗೆ ಸುಮಾರು 1,100 ಕಿಲೋಮೀಟರು. ಇದು 1949ರಲ್ಲಿ ಉಲಾನ್‌ಬಾತರನ್ನು ಮುಟ್ಟಿತು. 1956ರಲ್ಲಿ ಬೀಜಿಂಗಿನವರೆಗೆ ಸಂಚಾರ ಆರಂಭವಾಯಿತು. ಮಂಗೋಲಿಯದ ಹಳಿಯ ಅಗಲ 1,520 ಮಿಲಿಮೀಟರು, ಚೀನದ್ದು 1,435. ಆದುದರಿಂದ ಗಡಿಯಲ್ಲಿ ಪ್ರಯಾಣಿಕರ ಡಬ್ಬಿಗಳನ್ನೇ ಮೇಲಕ್ಕೆತ್ತಿ ಗಾಲಿಗಳ ಚೌಕಟ್ಟನ್ನು ಬದಲಿಸುತ್ತಾರೆ. ಮೀಟರ್‌ಗೇಜಿನಿಂದ ಬ್ರಾಡ್‌ಗೇಜಿಗೆ ಮೂಟೆ ಹೊತ್ತು ಬದಲಿಸುತ್ತಿದ್ದ ಕಾಲ ಕಂಡವರಿಗೆ ಇದು ವಿನೋದದ ನೋಟ.

ವಿಹಾರಗಳಾಗಲಿ ಹಳೆಯ ನಗರದ ಅವಶೇಷಗಳಾಗಲಿ ಹೆಚ್ಚಿನವು ಬಸ್ಸು ರೈಲು ನಿಲ್ಲುವ ಜಾಗದಲ್ಲಿಲ್ಲ. ಕೊನೆಗೆ ಚಾಲಕನೊಡನೆ ಬಾಡಿಗೆ ವಾಹನವೇ ಗತಿ. ಗೊತ್ತುಮಾಡುವಾಗ ಮೂರು ಸಂಗತಿಗಳನ್ನು ಬರೆಸಿಕೊಳ್ಳಬೇಕು: ಇಂಧನ ಯಾರದು, ಚಾಲಕನ ಊಟ ವಸತಿ ಯಾರದು, ಮಳೆಯಿಂದ ಒಂದು ದಿನ ಹೆಚ್ಚಾದರೆ ಬಾಡಿಗೆ ಎಷ್ಟು. ನಾವು ಮೊದಲಿನೆರಡನ್ನು ಕೇಳಿದೆವು. ಮೂರನೆಯದನ್ನು ಕೇಳಲು ಮರೆತೆವು.

ಡಾಂಬರು ಬಿಟ್ಟೊಡನೆ ರಸ್ತೆ ಎಂಬುದು ಇಲ್ಲ, ಜಾಡುಗಳಿವೆ. ಒಂದು ಕೆಟ್ಟರೆ ಪಕ್ಕದಲ್ಲಿ ಇನ್ನೊಂದು. ಹೀಗೆ ಎಂಟು ಹತ್ತು ಜಾಡುಗಳು ಬಯಲ ತುಂಬ ಹರಡಿಕೊಂಡಿರುತ್ತವೆ. ಗಂಟೆಗೆ 30 ಕಿಲೋಮೀಟರು ಸಾಗಿದರೆ ಅದೇ ಲಾಭವೆಂದು ನಾವು ತಿಳಿದುಕೊಂಡೆವು.

ನಾವು ಹಾಕಿದ ಲೆಕ್ಕ

2024ರ ಆಗಸ್ಟ್ ಕೊನೆಯಲ್ಲಿ ಹೊರಟ ನಮಗೆ ಇದ್ದದ್ದು ಹತ್ತು ದಿನ. ಮನೆಯ ಜಗಲಿಯ ಮೇಲೆ ನಕ್ಷೆ ಹಾಸಿಕೊಂಡು, ಇಷ್ಟು ದೂರ ಬಂದ ಮೇಲೆ ಯಾವುದನ್ನೂ ಬಿಡಬಾರದೆಂದು ಪಟ್ಟಿ ಮಾಡಿದೆವು. ಮೊದಲು ದಕ್ಷಿಣಕ್ಕೆ ಗೋಬಿ. ಅಲ್ಲಿ 1923ರಲ್ಲಿ ಡೈನೋಸಾರಿನ ಮೊಟ್ಟೆಗಳು ಸಿಕ್ಕ ಬಯಾನ್‌ಜಾಗಿನ ಕೆಂಪು ದಿಬ್ಬಗಳು. ಅಲ್ಲಿಂದ ಅಡ್ಡಹಾಯ್ದು ಖಾರ್‌ಖೋರಿನ್. ಬಳಿಕ ಉತ್ತರಕ್ಕೆ, ಒಂಬತ್ತನೆಯ ದಿನ, ಹಿರಿಯರ ಅಮರ್‌ಬಾಯಸ್ಗಲಂತ್. ಒಳ್ಳೆಯದನ್ನು ಕೊನೆಗೆ ಇಟ್ಟುಕೊಳ್ಳೋಣವೆಂದು ಹೇಳಿದವರು ನಾವೇ. ಹಿರಿಯರು ಆಗಲಿ ಎಂದರು. ನಕ್ಷೆಯ ಮೇಲೆ ಎಲ್ಲವೂ ಗೇಣು ದೂರದಲ್ಲಿದ್ದವು.

ಆರನೆಯ ದಿನ, ಗೋಬಿಯಿಂದ ಖಾರ್‌ಖೋರಿನ್ ಕಡೆಗೆ ಬರುವಾಗ ಮಳೆ ಹಿಡಿಯಿತು. ನಮ್ಮ ಆಷಾಢದ ಮಳೆಯ ಮುಂದೆ ಅದು ಮಳೆಯೇ ಅಲ್ಲ. ಆದರೆ ಮರಗಿಡಗಳ ತಡೆಯಿಲ್ಲದ ಆ ನೆಲದಲ್ಲಿ ನೀರೆಲ್ಲ ಒಮ್ಮೆಲೇ ಇಳಿದುಬರುತ್ತದೆ. ಎದುರಿನ ಹಳ್ಳ ಕೆಂಪಾಗಿ ಹರಿಯುತ್ತಿತ್ತು. ಚಾಲಕ ಬೂಟು ಕಳಚಿ, ತೊಡೆಯವರೆಗೆ ನೀರಿಗಿಳಿದು ನೋಡಿ ಬಂದು ತಲೆಯಾಡಿಸಿದ. ಮಲೆನಾಡಿನ ಹಳ್ಳಗಳನ್ನು ಜೀಪಿನಲ್ಲಿ ದಾಟಿದವರು ನಾವು, ದಾಟಬಹುದು ಎಂದು ನಮ್ಮಲ್ಲೊಬ್ಬರು ದುಭಾಷಿಯ ಮೂಲಕ ಹೇಳಿಸಿದರು. ಆತ ಉತ್ತರ ಕೊಡದೆ ವಾಹನವನ್ನು ತಿರುಗಿಸಿ ದೂರದಲ್ಲಿ ಹೊಗೆಯಾಡುತ್ತಿದ್ದ ಒಂದು ಗೆರ್ ಕಡೆಗೆ ಹೊರಟ. ನಮಗೆ ಸಿಟ್ಟು ಬಂದದ್ದು ನಿಜ. ಆದರೆ ಅದೇ ಸಂಜೆ, ನಾವು ದಾಟಲು ಹಟ ಹಿಡಿದಿದ್ದ ಜಾಗದ ದಂಡೆ ಕುಸಿದುದನ್ನು ಕಂಡಾಗ ಯಾರೂ ಮಾತಾಡಲಿಲ್ಲ.

ಗೆರ್‌ನಲ್ಲಿ ಎರಡು ರಾತ್ರಿ

ಗೆರ್ ಎಂದರೆ ಮರದ ಜಾಲರಿಗೆ ಉಣ್ಣೆಯ ದಪ್ಪ ಹೊದಿಕೆ ಸುತ್ತಿದ ದುಂಡನೆಯ ಮನೆ. ಬಾಗಿಲು ದಕ್ಷಿಣಕ್ಕೆ. ಹೊಸ್ತಿಲನ್ನು ತುಳಿಯಬಾರದು, ದಾಟಿಯೇ ಒಳಗೆ ಬರಬೇಕು. ಇದು ನಮಗೆ ಹೇಳಿಕೊಡಬೇಕಾದ ಪಾಠವಲ್ಲ. ನಡುವಿನ ಎರಡು ಕಂಬಗಳ ನಡುವೆ ನುಸುಳಬಾರದು, ಒಲೆಗೆ ಕಸ ಹಾಕಬಾರದು. ಕೊಟ್ಟದ್ದನ್ನು ಬಲಗೈಯಿಂದ, ಎಡಗೈಯನ್ನು ಮೊಣಕೈಗೆ ಆನಿಸಿ ತೆಗೆದುಕೊಳ್ಳಬೇಕು. ನಮ್ಮಲ್ಲಿ ಬಂದವರ ಮುಂದೆ ಕವಳದ ತಟ್ಟೆ ಸರಿಸುವಂತೆ ಅಲ್ಲಿ ಹಿರಿಯರು ನಶ್ಯದ ಪುಟ್ಟ ಬಾಟಲಿಯನ್ನು ಕೈಗಿಡುತ್ತಾರೆ. ನಶ್ಯ ಸೇದದವರೂ ಮೂಗಿನ ಬಳಿ ಹಿಡಿದು ಹಿಂದಿರುಗಿಸಿದರೆ ಮರ್ಯಾದೆ ಸಂದಂತೆ.

ಕುಡಿಯಲು ಉಪ್ಪು ಹಾಕಿದ ಹಾಲಿನ ಚಹ ಬಂತು. ಮರುದಿನ ಬೆಳಿಗ್ಗೆ ನಾವು ತಂದಿದ್ದ ಪುಡಿಯಿಂದ ಅವರ ಹಾಲಿನಲ್ಲೇ ಕಾಫಿ ಮಾಡಿಕೊಟ್ಟೆವು. ಮನೆಯ ತಾಯಿ ಒಂದು ಗುಟುಕು ಕುಡಿದು, ಸ್ವಲ್ಪ ಯೋಚಿಸಿ, ಉಪ್ಪಿನ ಡಬ್ಬಿಗೆ ಕೈ ಹಾಕಿದರು. ಎಲ್ಲರೂ ನಕ್ಕೆವು.

ಆಮೇಲೆ ಮಾತು ಬೇಸಾಯದ ಕಡೆಗೆ ತಿರುಗಿತು. ಎಷ್ಟು ಕುರಿ ಎಂದು ಕೇಳಿದೆವು. ನಾನೂರಿದ್ದವು, ಈಗ ನೂರೂ ಇಲ್ಲ ಎಂದರು ಯಜಮಾನರು. ಕಾರಣ ಜುದ್. ಬೇಸಗೆಯಲ್ಲಿ ಹುಲ್ಲು ಸಾಲದೆ ದನಕುರಿ ಬಡವಾಗಿ, ಚಳಿಗಾಲದಲ್ಲಿ ಹಿಮ ಆಳವಾಗಿ ಬಿದ್ದು ಅಥವಾ ಕರಗಿ ಮತ್ತೆ ಗಟ್ಟಿಕಟ್ಟಿ ಹುಲ್ಲಿಗೆ ಬಾಯಿ ಸಿಗದಂತಾಗುವ ಪೀಡೆಗೆ ಆ ಹೆಸರು. 2009-10ರ ಚಳಿಗಾಲದಲ್ಲಿ ಆ ದೇಶ ಒಂದು ಕೋಟಿಯ ಸಮೀಪ ಪಶುಗಳನ್ನು ಕಳೆದುಕೊಂಡಿತು. 2023-24ರಲ್ಲಿ 70 ಲಕ್ಷಕ್ಕೂ ಹೆಚ್ಚು. ನಮ್ಮ ಹಿರಿಯರು ಕೊಳೆರೋಗದ ವಿಷಯ ಹೇಳಿದರು. ಮಳೆ ಬಿಡದ ವರ್ಷ ಎಳೆಕಾಯಿ ಮರದ ಬುಡದಲ್ಲಿ ಹಾಸಿಬೀಳುವ ಬಗೆಯನ್ನು ಕೈಯಲ್ಲೇ ತೋರಿಸಿದರು. ಯಜಮಾನರು ಬಹಳ ಹೊತ್ತು ಕೇಳಿ, ನಿಮ್ಮ ಮರ ಉಳಿಯುತ್ತದೆಯೇ ಎಂದರು. ಸಾಮಾನ್ಯವಾಗಿ ಉಳಿಯುತ್ತದೆ ಎಂದೆವು. ಹಾಗಾದರೆ ಒಳ್ಳೆಯದು ಎಂದು ಚಹ ಬಗ್ಗಿಸಿದರು. ಇಡೀ ಪ್ರವಾಸದಲ್ಲಿ ನಮ್ಮ ಮನಸ್ಸಿನಲ್ಲಿ ನಿಂತ ಮಾತು ಇದೇ. ಇದು ನಮ್ಮ ಪಟ್ಟಿಯಲ್ಲಿ ಇರಲಿಲ್ಲ.

ನೋಡಿದ್ದು, ತಪ್ಪಿದ್ದು

ನೀರಿಳಿದ ಮೇಲೆ ಖಾರ್‌ಖೋರಿನ್ ತಲಪಿದೆವು. ಚಂಗೀಸಖಾನನ ಮಗ ಒಗೆದೆಯ್ 1235ರಲ್ಲಿ ಕೋಟೆ ಕಟ್ಟಿಸಿದ ಕಾರಕೋರಂ ರಾಜಧಾನಿ ಇದ್ದದ್ದು ಇಲ್ಲಿಯೇ. 1254ರಲ್ಲಿ ಬಂದಿದ್ದ ರೂಬ್ರಕ್ಕಿನ ವಿಲಿಯಂ ಎಂಬ ಕ್ರೈಸ್ತ ಸಂನ್ಯಾಸಿ ಅರಮನೆಯಲ್ಲಿ ಪಾನೀಯಗಳನ್ನು ಸುರಿಸುತ್ತಿದ್ದ ಬೆಳ್ಳಿಯ ಮರವೊಂದನ್ನು ವರ್ಣಿಸಿದ್ದಾನೆ. ಈಗ ನೆಲದ ಮೇಲೆ ಉಳಿದಿರುವುದರಲ್ಲಿ ಎದ್ದು ಕಾಣುವುದು ಕಲ್ಲಿನ ಆಮೆ. ಹಳೆಯ ನಗರದ ಕಲ್ಲುಗಳನ್ನು ಬಳಸಿ 1585-86ರಲ್ಲಿ ಎರ್ದೆನ್ ಜೂ ವಿಹಾರ ಕಟ್ಟಲು ತೊಡಗಿದರು. ಎರ್ದೆನ್ ಎಂಬುದು ನಮ್ಮ ‘ರತ್ನ’ ಶಬ್ದದಿಂದಲೇ ಬಂದುದು. ಸುತ್ತಲಿನ ಗೋಡೆಯ ಮೇಲೆ 108 ಬಿಳಿಯ ಸ್ತೂಪಗಳಿವೆ. 1930ರ ದಶಕದ ಕೊನೆಯಲ್ಲಿ ಸರಕಾರವೇ ದೇಶದ ನೂರಾರು ವಿಹಾರಗಳನ್ನು ಕೆಡವಿಸಿ ಸಾವಿರಾರು ಭಿಕ್ಷುಗಳನ್ನು ಕೊಲ್ಲಿಸಿದಾಗ ಇಲ್ಲಿಯೂ ಹೆಚ್ಚಿನ ಗುಡಿಗಳು ಹಾಳಾದವು. ಉಳಿದ ಗುಡಿಗಳಲ್ಲಿ ಪೂಜೆ ಮತ್ತೆ ಆರಂಭವಾದದ್ದು 1990ರಲ್ಲಿ.

ಆ ವೇಳೆಗೆ ನಮ್ಮ ಕೈಯಲ್ಲಿ ಉಳಿದದ್ದು ಎರಡೇ ದಿನ. ಅಮರ್‌ಬಾಯಸ್ಗಲಂತ್ ಕಡೆಯ ಮಣ್ಣಿನ ಜಾಡೂ ಮಳೆಗೆ ಕೆಟ್ಟಿದೆಯೆಂದು ಚಾಲಕ ವಿಚಾರಿಸಿ ತಿಳಿಸಿದ. 1727ರಿಂದ 1736ರವರೆಗೆ ಕಟ್ಟಿದ, ನಾಶದ ಕಾಲದಲ್ಲಿಯೂ ನಡುಭಾಗ ಉಳಿದುಕೊಂಡ ಆ ವಿಹಾರವನ್ನು ಕಾಣದೆ ನಾವು ಉಲಾನ್‌ಬಾತರಿಗೆ ಮರಳಿದೆವು.

ಆ ವಿಹಾರ ಕಟ್ಟಿದ್ದು ಜನಬಜಾರ್ ಎಂಬ ಧರ್ಮಗುರುವಿನ ದೇಹಾವಶೇಷವನ್ನು ಇಡಲೆಂದು. ಸಂಸ್ಕೃತದ ‘ಜ್ಞಾನವಜ್ರ’ವೇ ಮಂಗೋಲರ ನಾಲಗೆಯಲ್ಲಿ ಜನಬಜಾರ್ ಆಗಿದೆ. 1635ರಿಂದ 1723ರವರೆಗೆ ಬಾಳಿದ ಆತ ದೊಡ್ಡ ಶಿಲ್ಪಿಯೂ ಹೌದು. ರಾಜಧಾನಿಯಲ್ಲಿ ಆತನ ಹೆಸರಿನ ಕಲಾ ಸಂಗ್ರಹಾಲಯದಲ್ಲಿ ಆತ ಎರಕಹೊಯ್ದ ತಾರಾದೇವಿಯ ವಿಗ್ರಹಗಳಿವೆ. ನಮ್ಮ ಹಿರಿಯರು ಅದರ ಮುಂದೆ ನಿಂತವರು ಬಹಳ ಹೊತ್ತು ಕದಲಲಿಲ್ಲ. ಗಂದನ್ ವಿಹಾರವನ್ನೂ ನೋಡಿದೆವು. 26.5 ಮೀಟರು ಎತ್ತರದ ಅವಲೋಕಿತೇಶ್ವರ ವಿಗ್ರಹ ಅಲ್ಲಿದೆ. ಹಿಂದೆ ಕಳೆದುಹೋದುದರ ಬದಲಿಗೆ 1996ರಲ್ಲಿ ಪ್ರತಿಷ್ಠೆಯಾದುದು. 2022ರ ಜೂನ್‌ನಲ್ಲಿ ಭಾರತದಿಂದ ಬುದ್ಧನ ಅಸ್ಥಿಧಾತುಗಳನ್ನು ಒಯ್ದು ದರ್ಶನಕ್ಕೆ ಇಟ್ಟದ್ದೂ ಇದೇ ಆವರಣದಲ್ಲಿ.

ಹೊರಡುವವರಿಗೆ ನಾಲ್ಕು ಮಾತು

ಮೊದಲನೆಯದಾಗಿ, ಕಾಲ. ಮಂಗೋಲಿಯ ತಿರುಗಲು ಜೂನ್‌ನಿಂದ ಸೆಪ್ಟೆಂಬರ್ ಮಧ್ಯದವರೆಗೆ ಅನುಕೂಲ. ಕುಸ್ತಿ, ಕುದುರೆ ಓಟ, ಬಿಲ್ಲುಗಾರಿಕೆಯ ನಾದಮ್ ಹಬ್ಬ ರಾಜಧಾನಿಯಲ್ಲಿ ಜುಲೈ 11ರಿಂದ. ಆದರೆ ಆಗ ನಮಗೆ ಎರಡನೆಯ ಬೋರ್ಡೋ ಸಿಂಪಡಣೆಯ ಚಿಂತೆ, ಅಲ್ಲಿ ವಾಹನ ವಸತಿಗಳಿಗೂ ನೂಕುನುಗ್ಗಲು. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ, ಅಡಿಕೆ ಕೊಯ್ಲಿಗೂ ಕಾಫಿ ಕೊಯ್ಲಿಗೂ ಮುಂಚೆ, ನಮ್ಮಂಥವರಿಗೆ ಸರಿಯಾದ ಬಿಡುವು. ರಾತ್ರಿಯ ಚಳಿಗೆ ದಪ್ಪ ಉಣ್ಣೆ ಬೇಕೇ ಬೇಕು.

ಎರಡನೆಯದಾಗಿ, ಊಟ. ಹಳ್ಳಿಗಾಡಿನಲ್ಲಿ ಮಾಂಸ ಮತ್ತು ಹಾಲಿನ ಪದಾರ್ಥಗಳೇ ಆಹಾರ. ಸಸ್ಯಾಹಾರಿಗಳು ಅವಲಕ್ಕಿ, ಚಟ್ನಿಪುಡಿ ಒಯ್ಯುವುದು ಕ್ಷೇಮ. ರಾಜಧಾನಿಯಲ್ಲಿ ಸಸ್ಯಾಹಾರದ ಹೋಟೆಲುಗಳಿವೆ.

ಮೂರನೆಯದಾಗಿ, ಆರೋಗ್ಯ. ಬಯಲಿನಲ್ಲಿ ಆಸ್ಪತ್ರೆ ಬಹುದೂರ. ನಿತ್ಯದ ಔಷಧವನ್ನು ಎರಡು ವಾರಕ್ಕೆ ಹೆಚ್ಚಾಗಿಯೇ ಇಟ್ಟುಕೊಳ್ಳಬೇಕು. ರೋಗಿಯನ್ನು ಸಾಗಿಸುವ ವೆಚ್ಚವೂ ಸೇರಿದ ವಿಮೆ ಮಾಡಿಸಬೇಕು.

ಕೊನೆಯದು ಮತ್ತು ಮುಖ್ಯವಾದದ್ದು, ದಾರಿಯ ಲೆಕ್ಕ. ಹತ್ತು ದಿನಕ್ಕೆ ಒಂದೇ ದಿಕ್ಕನ್ನು ಆರಿಸಿಕೊಳ್ಳಿ. ಗೋಬಿಯಾದರೆ ಗೋಬಿ, ಉತ್ತರವಾದರೆ ಉತ್ತರ. ದೂರವನ್ನು ಕಿಲೋಮೀಟರಿನಲ್ಲಿ ಎಣಿಸದೆ ದಿನಗಳಲ್ಲಿ ಎಣಿಸಿ. ಎರಡು ದಿನ ಖಾಲಿ ಬಿಡಿ. ನೀರಿನ ಮುಂದೆ ಚಾಲಕನ ಮಾತೇ ಕೊನೆಯ ಮಾತಾಗಲಿ. ಯಾವುದಕ್ಕಾಗಿ ಹೊರಟಿರೋ ಅದನ್ನು ಮೊದಲು ನೋಡಿ. ಉಳಿದದ್ದು ಸಿಕ್ಕಷ್ಟು ಸಿಗಲಿ.

ನಮ್ಮ ಹಿರಿಯರಿಗೆ ಈಗ ಎಪ್ಪತ್ತೆರಡು ದಾಟಿದೆ. ಇನ್ನೊಮ್ಮೆ ಅಷ್ಟು ದೂರ ಹೋಗುವುದು ಅವರಿಂದ ಆಗಲಾರದು. ಈವರೆಗೆ ಅವರು ನಮ್ಮನ್ನು ಒಂದು ಮಾತು ದೂರಿಲ್ಲ. ಗೆರ್‌ನ ಯಜಮಾನರ ಕುರಿಗಳ ಸಂಗತಿಯನ್ನೇ ಎಲ್ಲರಿಗೂ ಹೇಳುತ್ತಾರೆ. ಆದರೂ ಒಂಬತ್ತನೆಯ ದಿನಕ್ಕೆ ಆ ವಿಹಾರದ ಹೆಸರು ಬರೆದ ಕೈ ನಮ್ಮದೇ ಎಂಬುದನ್ನು ನಾವು ಮರೆಯುವಂತಿಲ್ಲ. ಮುಂದೆ ಹೊರಡುವ ಸದಸ್ಯರು ತಮ್ಮ ಪಟ್ಟಿ ಬರೆಯುವಾಗ ಇದನ್ನೊಮ್ಮೆ ನೆನೆದರೆ ಈ ಲೇಖನ ಸಾರ್ಥಕವಾಯಿತೆಂದು ತಿಳಿಯುತ್ತೇವೆ.