ಸಂರಕ್ಷಕಯುಕ್ತ ಮತ್ತು ಸಂರಕ್ಷಕರಹಿತ ಸ್ಟೆರೈಲ್ ನೀರು

ಸ್ಟೆರೈಲ್ ನೀರು ಎಂದರೆ ಜೀವಂತ ಸೂಕ್ಷ್ಮಾಣುಗಳು ಉಳಿಯದಂತೆ ಸಂಸ್ಕರಿಸಿ, ಮುಚ್ಚಿದ ಸೀಸೆಯಲ್ಲಿ ಇರಿಸಿದ ನೀರು. ಪುಡಿರೂಪದ ಔಷಧಿ, ಲಸಿಕೆ ಮತ್ತು ಪ್ರಯೋಗಾಲಯದ ರಾಸಾಯನಿಕಗಳನ್ನು ಕರಗಿಸಲು ಇದನ್ನು ಬಳಸುತ್ತಾರೆ. ಇದು ಸಂರಕ್ಷಕ ಬೆರೆಸಿದ್ದು ಮತ್ತು ಬೆರೆಸದ್ದು ಎಂದು ಎರಡು ಬಗೆಯಾಗಿದೆ. ಬಟ್ಟಿ ಇಳಿಸಿದ ನೀರೆಲ್ಲವೂ ಸ್ಟೆರೈಲ್ ನೀರಲ್ಲ. ಬ್ಯಾಟರಿಗೆ ಹಾಕುವ ನೀರಿನಲ್ಲಿ ಲವಣಗಳಿಲ್ಲದಿದ್ದರೂ ಸೂಕ್ಷ್ಮಾಣುಗಳು ಇರಬಹುದು.

ವ್ಯತ್ಯಾಸ

ಸಂರಕ್ಷಕಯುಕ್ತ ನೀರಿನಲ್ಲಿ ಸಾಮಾನ್ಯವಾಗಿ ಶೇ. 0.9ರಷ್ಟು, ಅಂದರೆ ಪ್ರತಿ ಮಿಲಿಲೀಟರಿಗೆ 9 ಮಿಲಿಗ್ರಾಂ, ಬೆಂಜೈಲ್ ಆಲ್ಕೊಹಾಲ್ ಇರುತ್ತದೆ. ಇದು ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುತ್ತದೆಯೇ ಹೊರತು ಎಲ್ಲವನ್ನೂ ಕೊಲ್ಲುವುದಿಲ್ಲ. ಆದ್ದರಿಂದಲೇ ಒಂದೇ ಸೀಸೆಯಿಂದ ಹಲವು ಬಾರಿ ನೀರು ತೆಗೆಯಬಹುದಾದರೂ, ಮೊದಲ ಸಲ ಸೂಜಿ ಚುಚ್ಚಿದ 28 ದಿನಗಳ ನಂತರ ಅದನ್ನು ಬಳಸಬಾರದೆಂಬ ರೂಢಿಯಿದೆ. ಸಂರಕ್ಷಕರಹಿತ ನೀರಿಗೆ ಇಂತಹ ರಕ್ಷಣೆಯಿಲ್ಲ. ಅದರ ಸೀಸೆಯನ್ನು ಒಮ್ಮೆ ತೆರೆದು ಬಳಸಿದ ಬಳಿಕ ಉಳಿದದ್ದನ್ನು ಚೆಲ್ಲಬೇಕು.

ಮುಧೋಳದ ಉದಾಹರಣೆ

ಬಾಗಲಕೋಟೆ ಜಿಲ್ಲೆಯ ಮುಧೋಳದ ಸಮೀಪ ತಿಮ್ಮಾಪುರದಲ್ಲಿ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಮುಧೋಳ ನಾಯಿಯ ತಳಿಯನ್ನು ಉಳಿಸಿ ಬೆಳೆಸುವುದು ಅದರ ಕೆಲಸ. ನಾಯಿಮರಿಗಳಿಗೆ ಡಿಸ್ಟೆಂಪರ್ ಮತ್ತು ಪಾರ್ವೊ ರೋಗಗಳ ವಿರುದ್ಧ ಹಾಕುವ ಲಸಿಕೆ ಸಾಮಾನ್ಯವಾಗಿ ಒಣಗಿಸಿದ ಪುಡಿಯಾಗಿದ್ದು, ಅದರಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ ಇರುತ್ತದೆ. ಸಂರಕ್ಷಕವುಳ್ಳ ನೀರಿನಲ್ಲಿ ಕರಗಿಸಿದರೆ ವೈರಸ್ ನಿಷ್ಕ್ರಿಯವಾಗಬಹುದು. ಆಗ ಚುಚ್ಚುಮದ್ದು ಹಾಕಿದ ತೃಪ್ತಿ ಉಳಿಯುತ್ತದೆ, ಮರಿಗೆ ರೋಗನಿರೋಧಕ ಶಕ್ತಿ ಬರುವುದಿಲ್ಲ. ಹೀಗಾಗಿ ಲಸಿಕೆಯೊಡನೆ ಬಂದ ದ್ರಾವಕವನ್ನೇ ಬಳಸಬೇಕು.

ನೆರೆಯ ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳೂ ಸೇರಿದಂತೆ ದೇಶದೆಲ್ಲೆಡೆ ಮಕ್ಕಳಿಗೆ ನೀಡುವ ದಡಾರ-ರುಬೆಲ್ಲಾ ಲಸಿಕೆಗೂ ಇದೇ ನಿಯಮ ಅನ್ವಯಿಸುತ್ತದೆ. ಕರಗಿಸಿದ ಲಸಿಕೆಯನ್ನು 4 ಗಂಟೆಯೊಳಗೆ ಬಳಸದಿದ್ದರೆ ಎಸೆಯಬೇಕು.

ಸಂಶೋಧನೆಯಲ್ಲಿ ಆಯ್ಕೆ

ಜೀವಕೋಶಗಳನ್ನು ಬೆಳೆಸುವ ಪ್ರಯೋಗಗಳಿಗೆ ಸಂರಕ್ಷಕರಹಿತ ನೀರೇ ಸೂಕ್ತ, ಏಕೆಂದರೆ ಬೆಂಜೈಲ್ ಆಲ್ಕೊಹಾಲ್ ಕೋಶಪೊರೆಯ ಮೇಲೆ ಪರಿಣಾಮ ಬೀರುತ್ತದೆ. ಡಿ.ಎನ್.ಎ. ಪ್ರಮಾಣವನ್ನು 260 ನ್ಯಾನೋಮೀಟರ್ ತರಂಗಾಂತರದ ಬೆಳಕಿನಿಂದ ಅಳೆಯುತ್ತಾರೆ. ಬೆಂಜೈಲ್ ಆಲ್ಕೊಹಾಲ್ ಸಹ ಅದರ ಸಮೀಪದ ಬೆಳಕನ್ನೇ ಹೀರುವುದರಿಂದ ಅಳತೆ ತಪ್ಪುತ್ತದೆ. ತಳಿಯ ಅನುವಂಶೀಯತೆಯನ್ನು ಅಧ್ಯಯನ ಮಾಡುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಒಂದೇ ದ್ರಾವಣವನ್ನು ಹಲವು ದಿನ ಸ್ವಲ್ಪಸ್ವಲ್ಪವಾಗಿ ತೆಗೆಯಬೇಕಾದಾಗ ಸಂರಕ್ಷಕಯುಕ್ತ ನೀರು ಅನುಕೂಲ. ಆಗ ಹೋಲಿಕೆಯ ಗುಂಪಿಗೂ ಅದೇ ನೀರನ್ನು ಅದೇ ಪ್ರಮಾಣದಲ್ಲಿ ಕೊಡಬೇಕು; ಇಲ್ಲವಾದರೆ ಕಂಡ ಪರಿಣಾಮ ಔಷಧಿಯದೋ ಸಂರಕ್ಷಕದ್ದೋ ತಿಳಿಯದು. ಸಂರಕ್ಷಕರಹಿತ ನೀರನ್ನು ಸಣ್ಣ ನಳಿಕೆಗಳಿಗೆ ಹಂಚಿ, ಒಮ್ಮೆಗೆ ಒಂದನ್ನು ತೆರೆಯುವುದು ಇನ್ನೊಂದು ಉಪಾಯ. ಖರ್ಚು ತುಸು ಹೆಚ್ಚಾದರೂ ಇದೇ ನಿಶ್ಚಿಂತೆಯ ದಾರಿ.

ಎಚ್ಚರಿಕೆ

1982ರಲ್ಲಿ ಅಮೆರಿಕದಲ್ಲಿ, ಬೆಂಜೈಲ್ ಆಲ್ಕೊಹಾಲ್ ಇದ್ದ ದ್ರಾವಣಗಳಿಂದ ಅವಧಿಪೂರ್ವ ಶಿಶುಗಳು ಏದುಸಿರು ಬಂದು ಮೃತಪಟ್ಟದ್ದು ವರದಿಯಾಯಿತು. ಅಂದಿನಿಂದ ನವಜಾತ ಶಿಶುಗಳಿಗೆ ಈ ನೀರನ್ನು ಬಳಸುವುದಿಲ್ಲ. ಬೆಕ್ಕುಗಳಿಗೂ ಇದು ವಿಷಕಾರಿ. ಎರಡೂ ಬಗೆಯ ನೀರನ್ನು ಏನನ್ನೂ ಕರಗಿಸದೆ ನೇರವಾಗಿ ರಕ್ತನಾಳಕ್ಕೆ ಹೆಚ್ಚು ಪ್ರಮಾಣದಲ್ಲಿ ಕೊಟ್ಟರೆ ಕೆಂಪು ರಕ್ತಕಣಗಳು ಒಡೆಯುತ್ತವೆ.