ವಿಮಾನ ಕಂಪೆನಿಗಳು ಮುಳುಗುವುದೇಕೆ?

ಈದ್ ಅಥವಾ ಶಾಲಾ ರಜೆ ಹತ್ತಿರ ಬಂದಾಗ ಗಲ್ಫ್‌ನಿಂದ ಊರಿಗೆ ಬರುವ ವಿಮಾನದ ಟಿಕೆಟ್ ದರ ಗಗನಕ್ಕೇರುವುದನ್ನು ನೀವು ಕಂಡಿರುತ್ತೀರಿ. “ಇವರಿಗೆಷ್ಟು ಲಾಭವೋ!” ಎಂದು ಮನೆಯಲ್ಲಿ ಗೊಣಗುವುದೂ ಇದೆ. ಹಾಗಾದರೆ ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ಹಾರಾಟ ನಿಲ್ಲಿಸಿದ್ದೇಕೆ?

ಈ ವ್ಯಾಪಾರದ ದೊಡ್ಡ ಖರ್ಚುಗಳು ಅದನ್ನು ನಡೆಸುವವರ ಕೈಯಲ್ಲಿರುವುದಿಲ್ಲ. ನಮ್ಮ ದೇಶದ ಕಂಪೆನಿಗಳ ವೆಚ್ಚದಲ್ಲಿ ಸುಮಾರು ಮೂರನೆಯ ಒಂದು ಭಾಗ ಇಂಧನಕ್ಕೇ ಹೋಗುತ್ತದೆ. ಅದರ ಬೆಲೆ ಜಗತ್ತಿನ ತೈಲ ಮಾರುಕಟ್ಟೆಯಲ್ಲಿ ನಿರ್ಧಾರವಾಗುತ್ತದೆ, ಮೇಲೆ ರಾಜ್ಯಗಳ ತೆರಿಗೆ ಬೇರೆ. ವಿಮಾನಗಳು ಹೆಚ್ಚಾಗಿ ಬಾಡಿಗೆಯವು. ಬಾಡಿಗೆ ಕೊಡಬೇಕಾದುದು ಡಾಲರಿನಲ್ಲಿ, ದೇಶದೊಳಗಿನ ಟಿಕೆಟಿನ ಹಣ ಬರುವುದು ರೂಪಾಯಿಯಲ್ಲಿ. ರೂಪಾಯಿ ಕುಸಿದರೆ ಸೀಟುಗಳೆಲ್ಲ ತುಂಬಿದ್ದರೂ ನಷ್ಟವಾಗಬಹುದು. ಇಂದು ಮಾರಾಟವಾಗದ ಸೀರೆಯನ್ನು ಅಂಗಡಿಯವನು ನಾಳೆ ಮಾರಿಯಾನು. ಆದರೆ ವಿಮಾನ ಹಾರಿದ ಮೇಲೆ ಅದರ ಖಾಲಿ ಸೀಟಿಗೆ ಬೆಲೆಯೇ ಇಲ್ಲ.

ಕಿಂಗ್‌ಫಿಷರನ್ನೇ ನೋಡಿ. ಬೆಂಗಳೂರಿನ ಈ ಕಂಪೆನಿ ಹಾರಾಟ ಆರಂಭಿಸಿದ್ದು 2005ರಲ್ಲಿ. ರುಚಿಯಾದ ಊಟ, ಸೀಟಿಗೊಂದು ಟಿವಿ, ಎಲ್ಲವೂ ಅದ್ದೂರಿ. 2007ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್‌ನಲ್ಲಿ ಪಾಲು ಕೊಂಡು, ಮರುವರ್ಷ ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ಜನಸಾಮಾನ್ಯರಿಗೆ ಅಗ್ಗದಲ್ಲಿ ಹಾರಲು ಕಲಿಸಿದ ಕಂಪೆನಿ ಅದು. ಅದ್ದೂರಿಗೂ ಅಗ್ಗಕ್ಕೂ ಹೊಂದಾಣಿಕೆಯಾಗಲಿಲ್ಲ. 2008ರ ಜುಲೈಯಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತು. ಅದೇ ಸೆಪ್ಟೆಂಬರ್‌ನಲ್ಲಿ ಕಿಂಗ್‌ಫಿಷರ್ ಬೆಂಗಳೂರಿನಿಂದ ಲಂಡನ್‌ಗೆ ಹಾರಾಟ ಶುರುಮಾಡಿತು! ಡಿಸೆಂಬರ್ ವೇಳೆಗೆ ತೈಲ 40 ಡಾಲರಿಗಿಂತ ಕೆಳಗಿಳಿಯಿತು ನಿಜ. ಆದರೆ ಅಷ್ಟರಲ್ಲಿ ಆರ್ಥಿಕ ಹಿಂಜರಿತ ಬಂದು ಪ್ರಯಾಣಿಕರೂ ಕಡಿಮೆಯಾಗಿದ್ದರು. ಒಂದೇ ಒಂದು ವರ್ಷವೂ ಲಾಭ ಕಾಣದೆ ಸಾಲ ಬೆಳೆಯಿತು. 2016ರ ಹೊತ್ತಿಗೆ ಬ್ಯಾಂಕುಗಳಿಗೆ ಬಡ್ಡಿ ಸೇರಿ ಸುಮಾರು 9,000 ಕೋಟಿ ರೂಪಾಯಿ ಬಾಕಿಯಿತ್ತು.

ಇನ್ನು ಇಂಡಿಗೋ. ಅದೂ ಇದೇ ಇಂಧನ ಕೊಂಡಿತು, ಇದೇ ತೆರಿಗೆ ಕಟ್ಟಿತು. 2006ರಲ್ಲಿ ಹಾರಾಟ ಆರಂಭಿಸುವ ಮೊದಲೇ ಒಂದೇ ಬಗೆಯ 100 ಏರ್‌ಬಸ್ ವಿಮಾನಗಳಿಗೆ ಆರ್ಡರ್ ಕೊಟ್ಟಿತ್ತು. ಪೈಲಟ್‌ಗಳ ತರಬೇತಿ ಒಂದೇ ಬಗೆ, ಬಿಡಿಭಾಗಗಳೂ ಒಂದೇ ಬಗೆ. ಊಟ ಬೇಕಾದವರು ದುಡ್ಡು ಕೊಡಬೇಕಿತ್ತು. ನಾಲ್ಕು ಬಗೆಯ ಅಡುಗೆಗೂ ಒಂದೇ ಪಲ್ಯಕ್ಕೂ ಆಗುವ ಖರ್ಚಿನ ವ್ಯತ್ಯಾಸ ನಿಮಗೆ ಹೇಳಿಕೊಡಬೇಕಿಲ್ಲವಷ್ಟೇ? ಕೋವಿಡ್ ಅದನ್ನೂ ಬಿಡಲಿಲ್ಲ. 2020-21ರಲ್ಲಿ 5,800 ಕೋಟಿ ರೂಪಾಯಿಗಳಷ್ಟು ನಷ್ಟವಾಯಿತು. ಆದರೂ ಅದು ಉಳಿಯಿತು.

ಗೋ ಫಸ್ಟ್‌ನ ಮಾತು ಬೇರೆ. ಎಂಜಿನ್ ದೋಷದಿಂದ ಅದರ ಅರ್ಧದಷ್ಟು ವಿಮಾನಗಳು ನೆಲಹಿಡಿದವು. ಅದೇ ಕಂಪೆನಿಯ ಎಂಜಿನ್‌ಗಳಿಂದ ಇಂಡಿಗೋದ ಹತ್ತಾರು ವಿಮಾನಗಳೂ ನಿಂತವು. ಆದರೆ ಅದರ ಬಳಿ ಹಾರುವ ವಿಮಾನಗಳು ಇನ್ನೂ ನೂರಾರು ಇದ್ದವು. ಇಲ್ಲಿ ಗೋ ಫಸ್ಟನ್ನು ಪೂರ್ತಿ ದೂಷಿಸಲು ನನಗೆ ಮನಸ್ಸಾಗುವುದಿಲ್ಲ.

ಮಾಲೀಕರ ಕಥೆ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ಕಿಂಗ್‌ಫಿಷರ್‌ನ ಎಂಜಿನಿಯರ್‌ಗಳು, ಪೈಲಟ್‌ಗಳು 2012ರ ಸೆಪ್ಟೆಂಬರ್ ಕೊನೆಯಲ್ಲಿ ಕೆಲಸ ನಿಲ್ಲಿಸಿದಾಗ ಅವರಿಗೆ ತಿಂಗಳುಗಳಿಂದ ಸಂಬಳವಿರಲಿಲ್ಲ. ತೈಲ ಬೆಲೆ, ಡಾಲರ್ ಬೆಲೆಗಳ ನೆಪ ಹೇಳಿದವರು ಆ ಮನೆಗಳ ಬಾಡಿಗೆಗೆ, ಮಕ್ಕಳ ಶಾಲಾ ಫೀಸಿಗೆ ಉತ್ತರ ಕೊಡಲಿಲ್ಲ.