ಸಂಗೀತ ಪದವಿಯಲ್ಲಿ ವಿಶೇಷ ವಿಷಯದ ಆಯ್ಕೆ: ಬೆಂಗಳೂರು ಗ್ರಾಮಾಂತರದ ವಿದ್ಯಾರ್ಥಿಯನ್ನು ಕುರಿತು ಒಂದು ವಿವೇಚನೆ

ಸಂಗೀತವನ್ನು ಪದವಿ ತರಗತಿಯ ವಿಷಯವನ್ನಾಗಿ ಆರಿಸಿಕೊಂಡ ವಿದ್ಯಾರ್ಥಿಯ ಮುಂದೆ ಬಹುಬೇಗನೆ ಎರಡನೆಯ ಪ್ರಶ್ನೆಯೊಂದು ಬಂದು ನಿಲ್ಲುತ್ತದೆ. ಸಂಗೀತದಲ್ಲಿ ಯಾವುದು? ಗಾಯನವೇ, ವೀಣೆಯೇ, ಪಿಟೀಲೇ, ಮೃದಂಗವೇ? ಲಕ್ಷ್ಯವೇ, ಲಕ್ಷಣವೇ? ಶಾಸ್ತ್ರೀಯವೇ, ಜಾನಪದವೇ? ನಗರದಲ್ಲಿ ಬೆಳೆದು, ಏಳನೆಯ ವಯಸ್ಸಿನಿಂದ ಗುರುಮುಖದಲ್ಲಿ ಅಭ್ಯಾಸ ಮಾಡಿ, ಜೂನಿಯರ್ ಸೀನಿಯರ್ ಪರೀಕ್ಷೆಗಳನ್ನು ಮುಗಿಸಿ ಬಂದವನಿಗೆ ಇದು ಪ್ರಶ್ನೆಯೇ ಅಲ್ಲ. ಅವನ ಆಯ್ಕೆಯನ್ನು ಮನೆಯವರು ಎಂದೋ ಮಾಡಿ ಮುಗಿಸಿರುತ್ತಾರೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಹಳ್ಳಿಗಳಿಂದ ಬರುವ ವಿದ್ಯಾರ್ಥಿಯ ಸ್ಥಿತಿ ಅನೇಕ ವೇಳೆ ಹಾಗಿರುವುದಿಲ್ಲ. ಅವನಿಗೆ ಕಂಠವುಂಟು, ಕಿವಿಯುಂಟು, ಭಜನೆಯ ಅಥವಾ ನಾಟಕದ ಸಂಸ್ಕಾರವುಂಟು. ಕ್ರಮವಾದ ಶಿಕ್ಷಣದ ಹಿನ್ನೆಲೆ ಮಾತ್ರ ಇಲ್ಲ. ಹದಿನೆಂಟನೆಯ ವಯಸ್ಸಿನಲ್ಲಿ ಅವನು ಮಾಡುವ ಆಯ್ಕೆ ಮುಂದಿನ ಜೀವನೋಪಾಯವನ್ನೇ ನಿರ್ಣಯಿಸುವುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ಪರಿಶೀಲಿಸುವುದು ಉಚಿತವಾಗಿದೆ. ಪ್ರಸ್ತುತ ಲೇಖಕನು ಸಂಗೀತಗಾರನಲ್ಲ, ಇತಿಹಾಸದ ಅಧ್ಯಾಪಕ. ಆದಕಾರಣ ಇಲ್ಲಿ ಹೇಳುವುದು ಕಲೆಯ ರಹಸ್ಯಗಳನ್ನಲ್ಲ, ಈ ವಿಭಾಗಗಳು ಹೇಗೆ ಹುಟ್ಟಿದುವು, ಇಂದು ಅವು ವಿದ್ಯಾರ್ಥಿಯಿಂದ ಏನನ್ನು ಬೇಡುತ್ತವೆ ಎಂಬುದನ್ನು ಮಾತ್ರ.

ಮೊದಲು ಗಮನಿಸತಕ್ಕ ಸಂಗತಿಯೆಂದರೆ, ನಮ್ಮ ಶಾಸ್ತ್ರಕಾರರು ಸಂಗೀತವನ್ನು ಅಂಗಗಳಾಗಿ ವಿಂಗಡಿಸಿದರೇ ಹೊರತು ಪ್ರತ್ಯೇಕ ವಿದ್ಯೆಗಳಾಗಿ ಒಡೆಯಲಿಲ್ಲ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿ ಶಾರ್ಙ್ಗದೇವನು ರಚಿಸಿದ ಸಂಗೀತರತ್ನಾಕರದಲ್ಲಿ ಏಳು ಅಧ್ಯಾಯಗಳಿವೆ: ಸ್ವರ, ರಾಗ, ಪ್ರಕೀರ್ಣಕ, ಪ್ರಬಂಧ, ತಾಳ, ವಾದ್ಯ ಮತ್ತು ನರ್ತನ. ಈ ಗ್ರಂಥಕ್ಕೆ ವಿಜಯನಗರದ ಇಮ್ಮಡಿ ದೇವರಾಯನ ಕಾಲದಲ್ಲಿ ವ್ಯಾಖ್ಯಾನ ಬರೆದ ಕಲ್ಲಿನಾಥನು ಏಳನ್ನೂ ಒಂದೇ ಶಾಸ್ತ್ರದ ಭಾಗಗಳೆಂದು ಗ್ರಹಿಸಿ ವಿವರಿಸಿದ್ದಾನೆ. ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕಾಗಿ ವರ್ಗೀಕರಿಸುವ ಪದ್ಧತಿ ಭರತನ ನಾಟ್ಯಶಾಸ್ತ್ರದಷ್ಟು ಪ್ರಾಚೀನವಾದುದು. ಆದರೆ ಅದು ವಾದ್ಯಗಳ ವರ್ಗೀಕರಣ, ವಾದಕರ ವರ್ಗೀಕರಣವಲ್ಲ.

ಗುರುಕುಲದಲ್ಲಿ ಆಯ್ಕೆಯ ಅಧಿಕಾರ ಗುರುವಿನದು. ಶಿಷ್ಯನ ಕಂಠ, ಬೆರಳು, ತಾಳಜ್ಞಾನಗಳನ್ನು ವರ್ಷಗಟ್ಟಲೆ ನೋಡಿದ ಬಳಿಕ ಅವನು ಯಾವ ದಾರಿಯಲ್ಲಿ ನಡೆಯಬೇಕೆಂಬುದು ನಿಶ್ಚಯವಾಗುತ್ತಿತ್ತು. ಮೈಸೂರು ಸಂಸ್ಥಾನದ ಇತಿಹಾಸದಲ್ಲಿ ಇದಕ್ಕೆ ಉತ್ತಮ ನಿದರ್ಶನಗಳುಂಟು. ತಿರುಮಕೂಡಲು ನರಸೀಪುರದ ಟಿ. ಚೌಡಯ್ಯನವರು (1895–1967) ಪಿಟೀಲಿನಲ್ಲಿ ಅಖಿಲ ಭಾರತ ಖ್ಯಾತಿಯನ್ನು ಪಡೆದವರು. ಏಳು ತಂತಿಗಳ ಪಿಟೀಲನ್ನು ಬಳಕೆಗೆ ತಂದವರು. ಆದರೆ ಅವರ ಗುರು ಬಿಡಾರಂ ಕೃಷ್ಣಪ್ಪನವರು ಪಿಟೀಲು ವಾದಕರಲ್ಲ, ಗಾಯಕರು. ವೀಣೆ ಶೇಷಣ್ಣನವರು (1852–1926) ವೀಣೆಯೊಂದಕ್ಕೇ ತಮ್ಮನ್ನು ಕಟ್ಟಿಹಾಕಿಕೊಳ್ಳದೆ ಇತರ ವಾದ್ಯಗಳಲ್ಲಿಯೂ ಪರಿಶ್ರಮವುಳ್ಳವರಾಗಿದ್ದರು. ಮೈಸೂರು ವಾಸುದೇವಾಚಾರ್ಯರು (1865–1961) ಗಾಯಕರೂ ವಾಗ್ಗೇಯಕಾರರೂ ಸಂಸ್ಕೃತ ವಿದ್ವಾಂಸರೂ ಆಗಿದ್ದರು. ಇಂದಿನ ಅರ್ಜಿಯ ನಮೂನೆಯಲ್ಲಿ ಇವರನ್ನು ಯಾವ ಒಂದು ಚೌಕದಲ್ಲಿ ಗುರುತಿಸಬೇಕೆಂಬುದು ಸುಲಭವಾಗಿ ಹೇಳಬಹುದಾದ ಮಾತಲ್ಲ.

ನಮ್ಮ ಜಿಲ್ಲೆಯ ಸೀಮೆಯಿಂದಲೇ ಒಂದು ಉದಾಹರಣೆಯನ್ನು ಕೊಡಬಹುದು. ನೆಲಮಂಗಲ ತಾಲ್ಲೂಕಿನ ಚೌಡಸಂದ್ರದಲ್ಲಿ 1915ರಲ್ಲಿ ಜನಿಸಿದ ಹೊನ್ನಪ್ಪ ಭಾಗವತರು ಶಾಸ್ತ್ರೀಯ ಗಾಯಕರಾಗಿ ಹೆಸರು ಮಾಡಿ, ರಂಗಭೂಮಿಯಲ್ಲಿ ಹಾಡಿ ನಟಿಸಿ, ಕನ್ನಡ ಮತ್ತು ತಮಿಳು ಚಲನಚಿತ್ರಗಳಲ್ಲಿ ನಾಯಕರಾದರು. ಅವರು ನಿರ್ಮಿಸಿ ನಟಿಸಿದ ‘ಮಹಾಕವಿ ಕಾಳಿದಾಸ’ 1955ರಲ್ಲಿ ತೆರೆಕಂಡಿತು, ಬಿ. ಸರೋಜಾದೇವಿಯವರು ಕನ್ನಡ ಚಿತ್ರರಂಗದಲ್ಲಿ ಬೆಳಕಿಗೆ ಬಂದದ್ದು ಆ ಚಿತ್ರದಿಂದಲೇ. ಶಾಸ್ತ್ರೀಯ ಸಂಗೀತ, ನಾಟ್ಯಸಂಗೀತ, ಚಲನಚಿತ್ರ ಸಂಗೀತ ಎಂದು ನಾವು ಇಂದು ಬೇರೆಬೇರೆಯಾಗಿ ಇರಿಸುವ ಮೂರು ಮಾರ್ಗಗಳೂ ಒಬ್ಬನೇ ಕಲಾವಿದನ ಜೀವನದಲ್ಲಿ ಕೂಡಿಕೊಂಡಿದ್ದವು. ಮೂರಕ್ಕೂ ತಳಹದಿಯಾದದ್ದು ಶಾಸ್ತ್ರೀಯ ಗಾಯನದ ಅಭ್ಯಾಸವೆಂಬುದನ್ನು ಮರೆಯಲಾಗದು.

ವಿಶೇಷ ವಿಷಯವೆಂಬ ಕಲ್ಪನೆ ಬಲವಾಗಿ ನೆಲೆಯೂರಿದ್ದು ಸಂಸ್ಥೆಗಳ ಮೂಲಕ. 1901ರಲ್ಲಿ ವಿಷ್ಣು ದಿಗಂಬರ ಪಲುಸ್ಕರರು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದರು. 1926ರಲ್ಲಿ ಭಾತಖಂಡೆಯವರ ಪ್ರಯತ್ನದಿಂದ ಲಖನೌದ ಸಂಗೀತ ಕಾಲೇಜು ಆರಂಭವಾಯಿತು. ಮದರಾಸು ವಿಶ್ವವಿದ್ಯಾನಿಲಯದಲ್ಲಿ 1932ರಲ್ಲಿ ಭಾರತೀಯ ಸಂಗೀತ ವಿಭಾಗ ಹುಟ್ಟಿತು. ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿಯೇ ಸ್ಥಾಪಿತವಾದರೂ ಸಂಗೀತ ನೃತ್ಯಗಳಿಗೆಂದೇ ಅದರ ಕಾಲೇಜು ಏರ್ಪಟ್ಟದ್ದು 1965ರಲ್ಲಿ. ಗಂಗೂಬಾಯಿ ಹಾನಗಲ್ ಅವರ ಹೆಸರಿನ ರಾಜ್ಯ ಸಂಗೀತ ವಿಶ್ವವಿದ್ಯಾಲಯಕ್ಕೆ ಸಂಬಂಧಿಸಿದ ಶಾಸನ 2009ರದು. ತರಗತಿ, ವೇಳಾಪಟ್ಟಿ, ಅಂಕಗಳು ಬಂದೊಡನೆ ಒಬ್ಬ ಗುರು ಒಬ್ಬ ಶಿಷ್ಯನನ್ನು ಹತ್ತು ವರ್ಷ ನೋಡಿ ನಿರ್ಣಯಿಸುವ ಪದ್ಧತಿ ಸಾಧ್ಯವಾಗದೆ ಹೋಯಿತು. ಗುರುವಿನ ಕೈಯಲ್ಲಿದ್ದ ಆಯ್ಕೆ ಅರ್ಜಿ ತುಂಬುವ ವಿದ್ಯಾರ್ಥಿಯ ಕೈಗೆ ಬಂದಿತು. ಇದು ಸ್ವಾತಂತ್ರ್ಯವೇ ಸರಿ. ಆದರೆ ಸಲಹೆಯಿಲ್ಲದ ಸ್ವಾತಂತ್ರ್ಯ.

ಈಗ ಪದವಿಯ ಸ್ವರೂಪವನ್ನು ನೋಡೋಣ. ಸ್ಥೂಲವಾಗಿ ಎರಡು ಬಗೆಗಳುಂಟು. ಮೊದಲನೆಯದು, ಕಲಾ ಪದವಿಯಲ್ಲಿ ಇತಿಹಾಸ, ಕನ್ನಡ, ಸಮಾಜಶಾಸ್ತ್ರ ಮುಂತಾದ ಐಚ್ಛಿಕಗಳ ಜೊತೆಗೆ ಸಂಗೀತವೂ ಒಂದಾಗಿರುವುದು. ಎರಡನೆಯದು, ಸಂಗೀತವೇ ಪ್ರಧಾನವಾಗಿ ಉಳಿದವು ಅದಕ್ಕೆ ಪೋಷಕವಾಗಿರುವ ಸಂಗೀತ ಪದವಿ ಅಥವಾ ಪ್ರದರ್ಶಕ ಕಲೆಗಳ ಪದವಿ. ಮೊದಲನೆಯದರಲ್ಲಿ ಅಧ್ಯಾಪನ, ಆಡಳಿತ ಸೇವೆ ಮುಂತಾದ ಬೇರೆ ಬಾಗಿಲುಗಳು ತೆರೆದಿರುತ್ತವೆ, ಸಾಧನೆಗೆ ಸಮಯ ಕಡಮೆ. ಎರಡನೆಯದರಲ್ಲಿ ಸಮಯವುಂಟು, ಬಾಗಿಲುಗಳು ಕಡಮೆ. ಕರ್ನಾಟಕದಲ್ಲಿ 2021–22ರಲ್ಲಿ ಜಾರಿಗೆ ಬಂದ ನಾಲ್ಕು ವರ್ಷಗಳ ಪದವಿಯ ವ್ಯವಸ್ಥೆಯನ್ನು ಬಿಟ್ಟು 2024–25ರಿಂದ ಮತ್ತೆ ಮೂರು ವರ್ಷಗಳ ಪದವಿಗೆ ಮರಳಲಾಯಿತು. ಆದ್ದರಿಂದ ಹಿರಿಯ ವಿದ್ಯಾರ್ಥಿಗಳ ಅನುಭವವನ್ನು ಕೇಳಿ ನಿರ್ಧರಿಸುವವರು ಅವರು ಓದಿದ್ದು ಯಾವ ನಿಯಮಾವಳಿಯಲ್ಲಿ ಎಂಬುದನ್ನು ಅವಶ್ಯವಾಗಿ ವಿಚಾರಿಸಬೇಕು.

ಇನ್ನು ಒಂದೊಂದು ವಿಭಾಗವೂ ವಿದ್ಯಾರ್ಥಿಯಿಂದ ಬೇಡುವುದೇನು?

ಗಾಯನವು ಎಲ್ಲಕ್ಕಿಂತ ಸುಲಭವಾಗಿ ದೊರೆಯುವಂತೆ ಕಾಣುತ್ತದೆ. ಶ್ರುತಿಯೊಂದಿದ್ದರೆ ಸಾಕು, ವಾದ್ಯದ ವೆಚ್ಚವಿಲ್ಲ. ಆದಕಾರಣವೇ ಹಳ್ಳಿಯ ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಆರಿಸುತ್ತಾರೆ. ಆದರೆ ಸ್ಪರ್ಧೆ ಅತ್ಯಧಿಕವಾಗಿರುವುದೂ ಇಲ್ಲಿಯೇ. ಕೃತಿಗಳ ಸಾಹಿತ್ಯ ಬಹುಪಾಲು ತೆಲುಗು ಮತ್ತು ಸಂಸ್ಕೃತಗಳಲ್ಲಿರುವುದರಿಂದ ಉಚ್ಚಾರಣೆಯ ಶುದ್ಧಿಗೆ ಶ್ರಮ ಬೇಕು. ದೇವನಹಳ್ಳಿ, ಹೊಸಕೋಟೆಗಳ ಕಡೆಯಲ್ಲಿ ಮನೆಯಲ್ಲಿ ತೆಲುಗನ್ನೂ ಹೊರಗೆ ಕನ್ನಡವನ್ನೂ ಆಡುವ ಕುಟುಂಬಗಳು ಅನೇಕವಿವೆ. ಅಲ್ಲಿಂದ ಬಂದ ವಿದ್ಯಾರ್ಥಿಗೆ ಇದೊಂದು ಸ್ವಾಭಾವಿಕವಾದ ಅನುಕೂಲ. ಅದನ್ನು ಅವನೇ ಅರಿಯದಿರುವುದುಂಟು.

ವೀಣೆಯ ವಿಷಯದಲ್ಲಿ ನಮ್ಮ ಜಿಲ್ಲೆಗೆ ವಿಶೇಷ ಸಂಬಂಧವೇ ಇದೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರ ವೀಣೆಗಳನ್ನು ತಯಾರಿಸುವ ಊರೆಂದು ಪ್ರಸಿದ್ಧವಾಗಿದೆ; ಪೆನ್ನ ಓಬಳಯ್ಯನವರಂಥ ಕುಶಲಿಗಳ ಹೆಸರು ಈ ಊರಿನೊಡನೆ ಸೇರಿಹೋಗಿದೆ. ಹಲಸಿನ ಮರವನ್ನು ಹದಗೊಳಿಸಿ ಕೊಡವನ್ನು ಕೊರೆದು, ದಂಡಿಯನ್ನು ಜೋಡಿಸಿ, ಮೇಣದ ಮೇಲೆ ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನು ಸ್ವರಸ್ಥಾನಕ್ಕೆ ಸರಿಯಾಗಿ ಕೂಡಿಸುವ ಈ ಕೆಲಸದಲ್ಲಿ ಕೈಚಳಕದಷ್ಟೇ ಕಿವಿಯ ಸೂಕ್ಷ್ಮತೆಯೂ ಬೇಕು. ಮೆಟ್ಟಿಲು ಕೂದಲೆಳೆಯಷ್ಟು ಸರಿದರೆ ಸ್ವರ ಕೆಡುತ್ತದೆ. ಪದವಿಯ ಲಕ್ಷಣ ಪತ್ರಿಕೆಯಲ್ಲಿ ವಾದ್ಯದ ರಚನೆ ಒಂದು ಪಾಠವಾಗಿ ಬರುವುದು ವಾಡಿಕೆ. ವಿದ್ಯಾರ್ಥಿ ಅದನ್ನು ಚಿತ್ರ ಬರೆದು ಅಂಕ ಪಡೆಯುತ್ತಾನೆ. ಬಸ್ಸಿನಲ್ಲಿ ಹೋಗಿಬರುವಷ್ಟು ದೂರದಲ್ಲಿ ಆ ರಚನೆಯೇ ಕಣ್ಣಮುಂದೆ ನಡೆಯುತ್ತಿರುವಾಗ ಅದನ್ನು ನೋಡದೆ ಬರೆಯುವುದು ವಿಪರ್ಯಾಸವೇ ಸರಿ. ಆದರೂ ವೀಣೆಯನ್ನು ಆರಿಸುವವನು ಕೆಲವು ಲೌಕಿಕ ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಸುಮಾರು ನಾಲ್ಕು ಅಡಿ ಉದ್ದದ ವಾದ್ಯವನ್ನು ದಿನವೂ ಬಸ್ಸಿನಲ್ಲಿ ಒಯ್ಯಲಾಗದು. ಕಾಲೇಜಿನಲ್ಲಿ ಒಂದು, ಮನೆಯಲ್ಲಿ ಒಂದು ವೀಣೆ ದೊರೆಯುವುದೇ? ಮನೆಯಲ್ಲಿ ಅದನ್ನಿಟ್ಟು ಎರಡು ಗಂಟೆ ನುಡಿಸಲು ಸ್ಥಳವುಂಟೇ? ಮಗ್ಗದ ಸದ್ದು ನಿಲ್ಲದ ದೊಡ್ಡಬಳ್ಳಾಪುರದ ನೇಕಾರರ ಮನೆಯಲ್ಲಿ ಇದು ಸಣ್ಣ ಪ್ರಶ್ನೆಯಲ್ಲ.

ಪಿಟೀಲಿನ ಸಂಗತಿ ಬೇರೆ. ಕಚೇರಿಯಲ್ಲಿ ಪಕ್ಕವಾದ್ಯವಾಗಿ ಅದಕ್ಕೆ ನಿರಂತರವಾದ ಬೇಡಿಕೆಯುಂಟು. ಆದರೆ ಕಮಾನಿನ ಹಿಡಿತ, ಬೆರಳಿನ ಸ್ಥಾನಗಳು ಬಾಲ್ಯದಲ್ಲಿ ಒಲಿದಷ್ಟು ಸುಲಭವಾಗಿ ಹದಿನೆಂಟರಲ್ಲಿ ಒಲಿಯುವುದಿಲ್ಲ. ತಡವಾಗಿ ಆರಂಭಿಸುವವನು ಮೂರು ವರ್ಷಗಳಲ್ಲಿ ಪರೀಕ್ಷೆಯನ್ನು ದಾಟಬಹುದು, ಕಚೇರಿಯನ್ನಲ್ಲ.

ತಾಳವಾದ್ಯಗಳನ್ನು ಅಧೀನವೆಂದು ಭಾವಿಸುವ ಅಭ್ಯಾಸ ನಮ್ಮಲ್ಲಿ ಬಹುಕಾಲ ಇದ್ದಿತು. ಏಳು ತಾಳಗಳು ಐದು ಜಾತಿಗಳಿಂದ ಮೂವತ್ತೈದಾಗುವ ಆ ಲೆಕ್ಕಾಚಾರದ ಲೋಕ ಸ್ವತಂತ್ರವಾದ ವಿದ್ಯೆಯೇ ಆಗಿದೆ. ಬೆಂಗಳೂರಿನಲ್ಲಿ ನೆಲೆಸಿ ಘಟವಾದನದಲ್ಲಿ ಕೀರ್ತಿ ಪಡೆದ ಸುಕನ್ಯಾ ರಾಮಗೋಪಾಲ್ ಅವರು ಮೊದಲು ಕಲಿಯಲು ಹೋದದ್ದು ಪಿಟೀಲನ್ನು. ಅದೇ ಶಾಲೆಯಲ್ಲಿ ಕೇಳಿಬರುತ್ತಿದ್ದ ಮೃದಂಗದ ನಾದ ಅವರನ್ನು ಸೆಳೆಯಿತು. ಅಲ್ಲಿಂದ ಘಟಕ್ಕೆ ಬಂದರು. ಹೆಣ್ಣುಮಕ್ಕಳು ತಾಳವಾದ್ಯ ನುಡಿಸುವುದು ಅಪೂರ್ವವಾಗಿದ್ದ ಕಾಲವದು. ಈ ಪ್ರಸಂಗದಿಂದ ಎರಡು ಸಂಗತಿಗಳು ವಿದಿತವಾಗುತ್ತವೆ: ಮೊದಲ ಆಯ್ಕೆಯೇ ಕೊನೆಯ ಆಯ್ಕೆಯಾಗಬೇಕಿಲ್ಲ, ಮತ್ತು ‘ಇದು ಇಂಥವರಿಗೆ’ ಎಂಬ ರೂಢಿ ಕಲೆಯ ನಿಯಮವಲ್ಲ. ಹುಡುಗಿಗೆ ವೀಣೆ, ಹುಡುಗನಿಗೆ ಮೃದಂಗ, ನಾಗಸ್ವರ ಒಂದು ಕುಲದವರಿಗೆ, ತಮಟೆ ಇನ್ನೊಂದು ಕುಲದವರಿಗೆ ಎಂಬ ಹಂಚಿಕೆ ಸಮಾಜದ ಇತಿಹಾಸಕ್ಕೆ ಸೇರಿದ್ದು. ವಿಶ್ವವಿದ್ಯಾನಿಲಯದ ಅರ್ಜಿಯಲ್ಲಿ ಅದಕ್ಕೆ ಸ್ಥಾನವಿಲ್ಲ. ಆದರೆ ಅರ್ಜಿ ತುಂಬುವ ಮನಸ್ಸಿನಲ್ಲಿ ಅದು ಇನ್ನೂ ಉಳಿದಿದೆಯೆಂಬುದನ್ನು ಅಧ್ಯಾಪಕರು ಅರಿತಿರಬೇಕು.

ಜಾನಪದ ಸಂಗೀತದ ಮಾತೂ ಇದಕ್ಕೆ ಹೊಂದಿಕೊಂಡದ್ದು. ಪಕ್ಕದ ಚಿಂತಾಮಣಿ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ತಮಟೆ ವಾದಕ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಜಾನಪದಕ್ಕೆಂದೇ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ವಿಶ್ವವಿದ್ಯಾಲಯವಿದೆ. ಕೈವಾರದ ನಾರೇಯಣ ಯತೀಂದ್ರರ ಪದಗಳನ್ನು, ಸೋಮನ ಕುಣಿತದ ಹಾಡುಗಳನ್ನು ಕೇಳಿ ಬೆಳೆದ ವಿದ್ಯಾರ್ಥಿ ತನ್ನಲ್ಲಿರುವುದನ್ನು ಬಂಡವಾಳವೆಂದು ತಿಳಿಯದೆ ಕೊರತೆಯೆಂದು ತಿಳಿಯುವುದು ಶೋಚನೀಯ.

ಲಕ್ಷಣ ಅಥವಾ ಸಂಗೀತಶಾಸ್ತ್ರವನ್ನು ಅನೇಕರು ಹಾಡಲಾರದವರ ಆಶ್ರಯವೆಂದು ಭ್ರಮಿಸುತ್ತಾರೆ. ವಾಸ್ತವವಾಗಿ ಅದು ಕಂಠಕ್ಕೆ ಬದಲಾಗಿ ಭಾಷೆಗಳನ್ನು ಬೇಡುತ್ತದೆ: ಸಂಸ್ಕೃತ, ತೆಲುಗು, ಹಳಗನ್ನಡ. ಬಿ. ಎಲ್. ರೈಸರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ನಮ್ಮ ಈ ನಾಲ್ಕು ತಾಲ್ಲೂಕುಗಳ ಶಾಸನಗಳಿವೆ. ಕರ್ನಾಟಕದ ದೇವಾಲಯ ಶಾಸನಗಳಲ್ಲಿ ಗಾಯಕರಿಗೆ, ನರ್ತಕಿಯರಿಗೆ, ವಾದ್ಯಗಾರರಿಗೆ ಬಿಟ್ಟ ದತ್ತಿಗಳ ಉಲ್ಲೇಖ ಹಲವೆಡೆ ಬರುತ್ತದೆ. ಇಂಥ ಆಕರಗಳನ್ನು ಸಂಗೀತದ ಕಿವಿಯಿಂದ ಓದಬಲ್ಲ ಇತಿಹಾಸಕಾರ, ಇತಿಹಾಸದ ಕಣ್ಣಿನಿಂದ ನೋಡಬಲ್ಲ ಸಂಗೀತಗಾರ ಇಬ್ಬರೂ ವಿರಳ. ಕಲಾ ಪದವಿಯಲ್ಲಿ ಇತಿಹಾಸವನ್ನೂ ಸಂಗೀತವನ್ನೂ ಜೊತೆಯಾಗಿ ಓದುವವರಿಗೆ ಇಲ್ಲಿ ಬೇಕಾದಷ್ಟು ಕೆಲಸವಿದೆ.

ಆಯ್ಕೆಯ ಫಲ ಪದವಿಯೊಡನೆ ಮುಗಿಯುವುದಿಲ್ಲ. ಕಾಲೇಜು ಅಧ್ಯಾಪಕರ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಹಿಂದೂಸ್ತಾನಿ, ಕರ್ನಾಟಕ, ರವೀಂದ್ರ ಸಂಗೀತ, ತಾಳವಾದ್ಯ ಎಂಬ ವಿಭಾಗಗಳುಂಟು. ಆಕಾಶವಾಣಿಯ ಧ್ವನಿಪರೀಕ್ಷೆಯಲ್ಲಿ ಗಾಯನ, ವಾದ್ಯ, ಸುಗಮ, ಜಾನಪದಗಳನ್ನು ಬೇರೆಬೇರೆಯಾಗಿಯೇ ಪರಿಶೀಲಿಸಿ ಶ್ರೇಣಿ ಕೊಡುತ್ತಾರೆ. ಮೊದಲ ವರ್ಷದಲ್ಲಿ ಅರಿಯದೆ ಹಾಕಿದ ಒಂದು ಗುರುತು ಹತ್ತು ವರ್ಷಗಳ ಬಳಿಕ ಅಡ್ಡಬರುವುದುಂಟು.

ಮೇಲಿನ ವಿವೇಚನೆಯಿಂದ ಆಯ್ಕೆಗೆ ಒಂದು ಕ್ರಮ ತಾನಾಗಿ ತೋರಿಬರುತ್ತದೆ. ಯಾವುದಕ್ಕೆ ಹೆಚ್ಚು ಗೌರವವೆಂದು ಮೊದಲು ಕೇಳಬಾರದು. ಯಾವುದಕ್ಕೆ ತಲುಪಬಹುದಾದ ದೂರದಲ್ಲಿ ಒಳ್ಳೆಯ ಗುರುವುಂಟು ಎಂದು ಮೊದಲು ಕೇಳಬೇಕು. ಪ್ರಯಾಣ ಕಳೆದು ದಿನಕ್ಕೆ ಎಷ್ಟು ಗಂಟೆಗಳ ಸಾಧನೆ ಸಾಧ್ಯವೆಂಬುದು ಎರಡನೆಯದು. ವಾದ್ಯ, ಅದರ ದುರಸ್ತಿ, ಅದನ್ನಿಡುವ ಸ್ಥಳ ಮೂರನೆಯದು. ಮನೆಯಿಂದ ತಂದಿರುವ ಸಂಸ್ಕಾರ ಯಾವುದು ಎಂಬುದು ನಾಲ್ಕನೆಯದು. ಉದ್ಯೋಗದ ಪ್ರಶ್ನೆ ಇವುಗಳ ಬಳಿಕ ಬರತಕ್ಕದ್ದು. ಏಕೆಂದರೆ ಸಾಧನೆಯಿಲ್ಲದ ವಿಭಾಗದಲ್ಲಿ ಉದ್ಯೋಗವೂ ಇಲ್ಲ.

ಸಂಸ್ಥೆಗಳೂ ಮಾಡಬೇಕಾದುದೊಂದುಂಟು. ಮೊದಲ ವರ್ಷವನ್ನು ಎಲ್ಲರಿಗೂ ಸಮಾನವಾಗಿಟ್ಟು, ಪ್ರತಿಯೊಬ್ಬ ವಿದ್ಯಾರ್ಥಿಯೂ ಹಾಡಿ, ಒಂದು ತಂತಿವಾದ್ಯವನ್ನು ಮುಟ್ಟಿ, ತಾಳವನ್ನು ಕೈಯಲ್ಲಿ ಹಾಕಿ, ಒಂದು ಶಾಸ್ತ್ರಗ್ರಂಥವನ್ನು ತೆರೆದು ನೋಡಿದ ಮೇಲೆ, ಅಧ್ಯಾಪಕರ ಸಲಹೆಯೊಡನೆ ವರ್ಷದ ಕೊನೆಯಲ್ಲಿ ಆಯ್ಕೆ ನಡೆಯುವಂತೆ ಮಾಡುವುದು ಶ್ರೇಯಸ್ಕರ. ಗುರುಕುಲದ ಹತ್ತು ವರ್ಷಗಳನ್ನು ನಾವು ಮರಳಿ ತರಲಾರೆವು. ಒಂದು ವರ್ಷವನ್ನಾದರೂ ಕೊಡಬಲ್ಲೆವು. ಬೇರೇನೂ ಹಿನ್ನೆಲೆಯಿಲ್ಲದೆ ಕಿವಿಯೊಂದನ್ನೇ ನಂಬಿ ಬಂದ ವಿದ್ಯಾರ್ಥಿಗೆ ಆ ಒಂದು ವರ್ಷ ಅವಶ್ಯವಾಗಿ ಸಲ್ಲತಕ್ಕದ್ದು.